ಅಧಿಕೃತ ಸರ್ವಿಸ್ ಕೇಂದ್ರಗಳಲ್ಲಿ ಕಾರಿನ ನಿಯತ ನಿರ್ವಹಣೆ : ವೆಚ್ಚ ಹತೋಟಿಯ ಲೆಕ್ಕಾಚಾರ

ಸರಕಿನ ಖರೀದಿಯಲ್ಲಿ ವರ್ತಕರು ಪೈಸೆ ಪೈಸೆಗೂ ಲೆಕ್ಕ ನೋಡುತ್ತಾರೆ. ಲಾರಿ ಬಾಡಿಗೆ, ಹಮಾಲಿ, ದಲಾಲಿ, ಬ್ಯಾಂಕಿನ ಬಡ್ಡಿ ಇವೆಲ್ಲವನ್ನೂ ತೂಗಿ ನೋಡಿಯೇ ದರ ನಿಗದಿ ಮಾಡುತ್ತಾರೆ. ಆದರೆ ಅದೇ ಸಂಸ್ಥೆಯ ಕಾರು ಸರ್ವಿಸ್‌ಗೆಂದು ಡೀಲರರ ಕೇಂದ್ರಕ್ಕೆ ಹೋದಾಗ ಈ ಎಚ್ಚರಿಕೆ ಸಡಿಲವಾಗುವುದು ಸಾಮಾನ್ಯ ಸಂಗತಿ. ಕಾರನ್ನು ಚಾಲಕನು ಒಯ್ಯುತ್ತಾನೆ, ಜಾಬ್ ಕಾರ್ಡಿಗೆ ಅವನೇ ಸಹಿ ಹಾಕುತ್ತಾನೆ, ಸಂಜೆ ಬಂದ ಬಿಲ್ಲನ್ನು ಗುಮಾಸ್ತರು ಪಾವತಿಸಿ 'ವಾಹನ ವೆಚ್ಚ' ಎಂಬ ಖಾತೆಗೆ ಖರ್ಚು ಹಾಕುತ್ತಾರೆ. ಆ ಬಿಲ್ಲಿನಲ್ಲಿ ಏನಿದೆ, ಅದರಲ್ಲಿ ಎಷ್ಟು ಅಗತ್ಯವಾಗಿತ್ತು, ಎಷ್ಟು ಅನಗತ್ಯವಾಗಿತ್ತು ಎಂಬುದನ್ನು ಪರಿಶೀಲಿಸುವವರು ವಿರಳ.

ಒಂದು ಕಾರಿನ ಮಟ್ಟಿಗೆ ಈ ಮೊತ್ತ ಸಣ್ಣದೆನಿಸಬಹುದು. ಆದರೆ ಐದಾರು ಕಾರುಗಳನ್ನು ಇಟ್ಟುಕೊಂಡಿರುವ ಮಧ್ಯಮ ಗಾತ್ರದ ಸಂಸ್ಥೆಗೆ ಇದು ವರ್ಷವರ್ಷವೂ ಮರುಕಳಿಸುವ ವೆಚ್ಚ. ಮರುಕಳಿಸುವ ವೆಚ್ಚದಲ್ಲಿ ಉಳಿಸಿದ ಹಣವು ನೇರವಾಗಿ ಲಾಭಕ್ಕೆ ಸೇರುತ್ತದೆ. ಹಾಗೆಂದು ಉಳಿತಾಯದ ಹೆಸರಿನಲ್ಲಿ ನಿರ್ವಹಣೆಯನ್ನೇ ಮುಂದೂಡಿದರೆ ವಾರಂಟಿಗೂ ಪ್ರಯಾಣಿಕರ ಸುರಕ್ಷತೆಗೂ ಸಂಚಕಾರ ಬರುತ್ತದೆ. ಆದುದರಿಂದ ಮಾಡಲೇಬೇಕಾದ ಕೆಲಸ ಯಾವುದು, ಬಿಡಬಹುದಾದ ಕೆಲಸ ಯಾವುದು ಎಂಬ ವಿವೇಚನೆಯೇ ಈ ವಿಷಯದ ತಿರುಳು.

ನಿಯತ ನಿರ್ವಹಣೆ ಎಂದರೇನು?

ಪ್ರತಿಯೊಂದು ಕಾರಿನೊಂದಿಗೆ ತಯಾರಕರು ಮಾಲೀಕರ ಕೈಪಿಡಿಯೊಂದನ್ನು ಕೊಡುತ್ತಾರೆ. ಅದರಲ್ಲಿ ನಿರ್ವಹಣಾ ವೇಳಾಪಟ್ಟಿ ಇರುತ್ತದೆ. ಎಷ್ಟು ಕಿಲೋಮೀಟರಿಗೆ ಅಥವಾ ಎಷ್ಟು ತಿಂಗಳಿಗೆ ಯಾವ ಭಾಗವನ್ನು ಪರೀಕ್ಷಿಸಬೇಕು, ಯಾವುದನ್ನು ಬದಲಿಸಬೇಕು ಎಂಬುದು ಅಲ್ಲಿ ಕೋಷ್ಟಕ ರೂಪದಲ್ಲಿ ಮುದ್ರಿತವಾಗಿರುತ್ತದೆ. ಇಂದು ಭಾರತದಲ್ಲಿ ಮಾರಾಟವಾಗುವ ಬಹುತೇಕ ಪೆಟ್ರೋಲ್ ಕಾರುಗಳಿಗೆ ಆರಂಭದ ಉಚಿತ ಸರ್ವಿಸ್‌ಗಳು ಮುಗಿದ ಮೇಲೆ 10,000 ಕಿ.ಮೀ. ಅಥವಾ ಒಂದು ವರ್ಷ, ಇವುಗಳಲ್ಲಿ ಯಾವುದು ಮೊದಲೋ ಅದು, ಸಾಧಾರಣ ಅವಧಿಯಾಗಿದೆ. ನಿರ್ದಿಷ್ಟ ಮಾದರಿಗೆ ಅನ್ವಯಿಸುವ ಅವಧಿಯನ್ನು ಅದರ ಕೈಪಿಡಿಯಿಂದಲೇ ತಿಳಿಯತಕ್ಕದ್ದು.

'ಉಚಿತ ಸರ್ವಿಸ್' ಎಂಬ ಮಾತನ್ನು ಸಹ ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಸಾಮಾನ್ಯವಾಗಿ ಅಲ್ಲಿ ಉಚಿತವಾಗಿರುವುದು ಕೂಲಿ ಮಾತ್ರ. ಎಂಜಿನ್ ಆಯಿಲ್, ಫಿಲ್ಟರ್ ಮುಂತಾದವುಗಳಿಗೆ ಹಣ ಕೊಡಬೇಕಾಗುತ್ತದೆ.

ವೇಳಾಪಟ್ಟಿಯಲ್ಲಿ ಬರುವ ಕೆಲಸಗಳು ಎರಡು ಬಗೆ. ಮೊದಲನೆಯದು 'ಬದಲಿಸು' ಎಂದು ಸೂಚಿಸಿರುವ ಕೆಲಸ. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಕೂಲಂಟ್, ಬ್ರೇಕ್ ಫ್ಲೂಯಿಡ್, ಪೆಟ್ರೋಲ್ ಕಾರಿಗೆ ಸ್ಪಾರ್ಕ್ ಪ್ಲಗ್, ಡೀಸೆಲ್ ಕಾರಿಗೆ ಫ್ಯುಯೆಲ್ ಫಿಲ್ಟರ್ ಈ ಗುಂಪಿಗೆ ಸೇರುತ್ತವೆ. ಆದರೆ ಇವೆಲ್ಲವನ್ನೂ ಪ್ರತಿ ಸರ್ವಿಸ್‌ನಲ್ಲೂ ಬದಲಿಸಬೇಕಾಗಿಲ್ಲ. ಎಂಜಿನ್ ಆಯಿಲ್ ಪ್ರತಿಸಲ ಬದಲಾಗುತ್ತದೆ, ಬ್ರೇಕ್ ಫ್ಲೂಯಿಡ್‌ಗೆ ಎರಡು ವರ್ಷಗಳಂತಹ ದೀರ್ಘ ಅವಧಿ ಇರುತ್ತದೆ, ಇರಿಡಿಯಂ ಸ್ಪಾರ್ಕ್ ಪ್ಲಗ್‌ಗಳು ಸಾಧಾರಣ ಪ್ಲಗ್‌ಗಳಿಗಿಂತ ಬಹುಪಾಲು ಹೆಚ್ಚು ದೂರ ಬಾಳುತ್ತವೆ. ಎರಡನೆಯದು 'ಪರೀಕ್ಷಿಸು' ಎಂದು ಸೂಚಿಸಿರುವ ಕೆಲಸ. ಬ್ರೇಕ್ ಪ್ಯಾಡ್, ಟೈರು, ಬ್ಯಾಟರಿ, ಬೆಲ್ಟ್, ಸಸ್ಪೆನ್ಷನ್ ಮುಂತಾದವುಗಳನ್ನು ನೋಡಿ, ಅಳೆದು, ಸವೆದಿದ್ದರೆ ಮಾತ್ರ ಬದಲಿಸಬೇಕು. ಪರೀಕ್ಷೆಯ ಸಾಲನ್ನು ಬದಲಾವಣೆಯ ಸಾಲಾಗಿ ಓದಿದಾಗ ಬಿಲ್ಲು ಬೆಳೆಯುತ್ತದೆ.

ಕೈಪಿಡಿಯಲ್ಲಿ 'ಕಠಿಣ ಪರಿಸ್ಥಿತಿಗಳ ಬಳಕೆ' ಎಂಬ ಪ್ರತ್ಯೇಕ ಕೋಷ್ಟಕವೂ ಇರುವುದುಂಟು. ಧೂಳಿನ ರಸ್ತೆ, ಪದೇಪದೇ ಅತಿ ಕಡಿಮೆ ದೂರದ ಓಡಾಟ, ದೀರ್ಘಕಾಲ ನಿಂತಲ್ಲಿಯೇ ಎಂಜಿನ್ ಚಾಲನೆ ಮುಂತಾದ ಸಂದರ್ಭಗಳಿಗೆ ಅದು ಅನ್ವಯಿಸುತ್ತದೆ. ಬಳ್ಳಾರಿ, ಸಂಡೂರು ಕಡೆಯ ಗಣಿ ಪ್ರದೇಶದ ಕೆಂಧೂಳಿನಲ್ಲಿ ಓಡುವ ಕಾರಿಗೆ ಏರ್ ಫಿಲ್ಟರನ್ನು ಬೇಗ ಬದಲಿಸುವ ಸಲಹೆ ಸರಿಯಾದುದೇ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿಯೇ ಹೆಚ್ಚು ಓಡುವ ಕಾರಿಗೆ ಅದೇ ಸಲಹೆ ಬಂದರೆ ಕಾರಣ ಕೇಳಬೇಕಾಗುತ್ತದೆ. ಹಾಗೆಯೇ ಮಂಗಳೂರು, ಕಾರವಾರಗಳ ಉಪ್ಪುಗಾಳಿಯಲ್ಲಿ ತಳಭಾಗದ ತುಕ್ಕು ನಿರೋಧಕ ಲೇಪನಕ್ಕೆ ಇರುವ ಪ್ರಯೋಜನ ಒಣ ಹವೆಯ ವಿಜಯಪುರದಲ್ಲಿ ಅಷ್ಟಾಗಿ ಇರುವುದಿಲ್ಲ.

ಅಂದಾಜು ಪಟ್ಟಿಯ ಮೂರು ಭಾಗಗಳು

ಕಾರನ್ನು ಒಪ್ಪಿಸಿದಾಗ ಸರ್ವಿಸ್ ಅಡ್ವೈಸರ್ ಕೊಡುವ ಅಂದಾಜು ಪಟ್ಟಿಯನ್ನು, ಅಂದರೆ ಎಸ್ಟಿಮೇಟನ್ನು, ಮೂರು ಭಾಗಗಳಾಗಿ ವಿಂಗಡಿಸುವುದು ವೆಚ್ಚ ಹತೋಟಿಯ ಮೊದಲ ಹೆಜ್ಜೆ.

(ಅ) ವೇಳಾಪಟ್ಟಿಯಂತೆ ಈ ಸರ್ವಿಸ್‌ನಲ್ಲಿ ಮಾಡಲೇಬೇಕಾದ ಕೆಲಸಗಳು. ಇವುಗಳನ್ನು ಕೈಬಿಡುವಂತಿಲ್ಲ.

(ಆ) ಸವೆತವನ್ನು ನೋಡಿ ನಿರ್ಧರಿಸಬೇಕಾದ ಕೆಲಸಗಳು. ಇವುಗಳಿಗೆ ಅಳತೆಯ ಆಧಾರ ಕೇಳಬೇಕು. ಬ್ರೇಕ್ ಪ್ಯಾಡ್ ಎಷ್ಟು ಮಿಲಿಮೀಟರ್ ಉಳಿದಿದೆ, ತಯಾರಕರ ಕನಿಷ್ಠ ಮಿತಿ ಎಷ್ಟು, ಬ್ಯಾಟರಿ ಪರೀಕ್ಷೆಯ ಫಲಿತಾಂಶವೇನು ಎಂಬುದನ್ನು ಜಾಬ್ ಕಾರ್ಡಿನಲ್ಲಿ ಬರೆಯಿಸಬೇಕು.

(ಇ) ವೇಳಾಪಟ್ಟಿಯಲ್ಲಿ ಇಲ್ಲದ, ಕೇಂದ್ರವು ಹೆಚ್ಚುವರಿಯಾಗಿ ಸೂಚಿಸುವ ಸೇವೆಗಳು. ಎಂಜಿನ್ ಫ್ಲಶ್, ಎಂಜಿನ್ ಡ್ರೆಸ್ಸಿಂಗ್, ಇಂಧನ ವ್ಯವಸ್ಥೆ ಶುದ್ಧೀಕರಣದ ದ್ರಾವಣ, ಎ.ಸಿ. ಕ್ರಿಮಿನಾಶಕ, ಒಳಾಂಗಣ ಪಾಲಿಶ್, ಟೆಫ್ಲಾನ್ ಲೇಪನ ಮುಂತಾದವು ಸಾಮಾನ್ಯವಾಗಿ ಈ ವರ್ಗಕ್ಕೆ ಸೇರುತ್ತವೆ. ಇವೆಲ್ಲವೂ ನಿರುಪಯುಕ್ತವೆಂದು ಹೇಳಲಾಗದು. ಎ.ಸಿ.ಯಿಂದ ದುರ್ವಾಸನೆ ಬರುತ್ತಿದ್ದರೆ ಅದರ ಶುದ್ಧೀಕರಣ ಬೇಕಾದೀತು. ಆದರೆ ದೂರು ಇಲ್ಲದೆ, ಕೈಪಿಡಿಯ ಸೂಚನೆಯೂ ಇಲ್ಲದೆ, ಪ್ರತಿ ಸರ್ವಿಸ್‌ನಲ್ಲೂ ಇವುಗಳನ್ನು ಮಾಡಿಸುವುದಕ್ಕೆ ಆಧಾರವಿಲ್ಲ.

ಡೀಲರರ ವ್ಯವಹಾರದ ಸ್ವರೂಪವನ್ನು ಅರಿತರೆ ಇದರ ಕಾರಣ ಸ್ಪಷ್ಟವಾಗುತ್ತದೆ. ಹೊಸ ಕಾರಿನ ಮಾರಾಟದಲ್ಲಿ ಪೈಪೋಟಿ ಹೆಚ್ಚು, ಲಾಭಾಂಶ ಕಡಿಮೆ. ಸರ್ವಿಸ್ ಹಾಗೂ ಬಿಡಿಭಾಗಗಳ ವಿಭಾಗವು ನಿಲುಗಡೆಯಾಗಿ ಆದಾಯ ತರುವ ವಿಭಾಗ. ಕೂಲಿ, ಕಟ್ಟಡ, ಉಪಕರಣಗಳ ಸ್ಥಿರ ವೆಚ್ಚವನ್ನು ಅದು ಭರಿಸಬೇಕಾಗುತ್ತದೆ. ಹೆಚ್ಚುವರಿ ಸೇವೆಗಳನ್ನು ಮಾರಲು ಯತ್ನಿಸುವುದು ಅವರ ವ್ಯಾಪಾರ, ಬೇಕಾದುದನ್ನಷ್ಟೇ ಕೊಳ್ಳುವುದು ಗ್ರಾಹಕರ ವ್ಯಾಪಾರ. ಇದರಲ್ಲಿ ಮನಸ್ತಾಪಕ್ಕೆ ಎಡೆಯಿಲ್ಲ. ಅಂಗಡಿಯ ಗಲ್ಲೆಯ ಮೇಲೆ ಕುಳಿತವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಒಂದು ಉದಾಹರಣೆ

ವಿಂಗಡಣೆಯ ಪರಿಣಾಮವನ್ನು ತಿಳಿಯಲು ಕಾಲ್ಪನಿಕ ಅಂಕಿಗಳ ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಸಂಸ್ಥೆಯೊಂದರ ಸಣ್ಣ ಪೆಟ್ರೋಲ್ ಕಾರು ಮೂರನೆಯ ವರ್ಷದಲ್ಲಿ 30,000 ಕಿ.ಮೀ. ಸರ್ವಿಸ್‌ಗೆ ಬಂದಿದೆ. ತೆರಿಗೆಗೆ ಮುಂಚಿನ ಅಂದಾಜು ಹೀಗಿದೆ ಎಂದಿಟ್ಟುಕೊಳ್ಳೋಣ.

(ಅ) ವರ್ಗ: ಎಂಜಿನ್ ಆಯಿಲ್ 3.5 ಲೀಟರ್, ಲೀಟರಿಗೆ ರೂ. 450ರಂತೆ ರೂ. 1,575, ಆಯಿಲ್ ಫಿಲ್ಟರ್ ರೂ. 150, ಡ್ರೈನ್ ಪ್ಲಗ್ ವಾಷರ್ ರೂ. 25, ಏರ್ ಫಿಲ್ಟರ್ ರೂ. 400, ಎ.ಸಿ. ಫಿಲ್ಟರ್ ರೂ. 450, ಕೂಲಿ ರೂ. 1,900. ಒಟ್ಟು ರೂ. 4,500.

(ಆ) ವರ್ಗ: ವೀಲ್ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮತ್ತು ಟೈರುಗಳ ಸ್ಥಾನ ಬದಲಾವಣೆ ರೂ. 900, ವೈಪರ್ ಬ್ಲೇಡ್ ರೂ. 600. ಒಟ್ಟು ರೂ. 1,500.

(ಇ) ವರ್ಗ: ಎಂಜಿನ್ ಫ್ಲಶ್ ರೂ. 500, ಥ್ರಾಟಲ್ ಬಾಡಿ ಶುದ್ಧೀಕರಣ ರೂ. 900, ಇಂಧನ ವ್ಯವಸ್ಥೆಯ ದ್ರಾವಣ ರೂ. 400, ಎ.ಸಿ. ಕ್ರಿಮಿನಾಶಕ ರೂ. 1,100, ಒಳಾಂಗಣ ಪಾಲಿಶ್ ರೂ. 1,400, ಬ್ರೇಕ್ ಫ್ಲೂಯಿಡ್ ಬದಲಾವಣೆ ರೂ. 700. ಒಟ್ಟು ರೂ. 5,000.

ಮೂರೂ ಸೇರಿ ರೂ. 11,000. ಇದರ ಮೇಲೆ ಶೇ. 18ರ ಸರಕು ಮತ್ತು ಸೇವಾ ತೆರಿಗೆ ರೂ. 1,980. ಬಿಲ್ಲಿನ ಮೊತ್ತ ರೂ. 12,980.

ಸಂಸ್ಥೆಯ ವ್ಯವಸ್ಥಾಪಕರು ಹಿಂದಿನ ವರ್ಷದ ಬಿಲ್ಲನ್ನು ತೆಗೆದು ನೋಡಿದರೆ ಬ್ರೇಕ್ ಫ್ಲೂಯಿಡನ್ನು ಎರಡನೆಯ ವರ್ಷದ ಸರ್ವಿಸ್‌ನಲ್ಲಿ ಬದಲಿಸಲಾಗಿದೆ, ಮುಂದಿನ ಬದಲಾವಣೆ ನಾಲ್ಕನೆಯ ವರ್ಷಕ್ಕೆ ಎಂಬುದು ತಿಳಿಯುತ್ತದೆ. ವೈಪರ್ ರಬ್ಬರು ಪರೀಕ್ಷೆಯಲ್ಲಿ ಸರಿಯಾಗಿದೆ. (ಇ) ವರ್ಗದ ಉಳಿದ ಯಾವ ಸೇವೆಗೂ ಚಾಲಕನ ದೂರಿಲ್ಲ. ಆಗ ಒಪ್ಪಬೇಕಾದುದು (ಅ) ವರ್ಗದ ರೂ. 4,500 ಮತ್ತು ಅಲೈನ್‌ಮೆಂಟಿನ ರೂ. 900, ಒಟ್ಟು ರೂ. 5,400. ತೆರಿಗೆ ರೂ. 972 ಸೇರಿ ರೂ. 6,372. ವ್ಯತ್ಯಾಸ ರೂ. 6,608. ಇಂತಹ ಆರು ಕಾರುಗಳಿದ್ದಲ್ಲಿ ವರ್ಷಕ್ಕೆ ರೂ. 39,648.

ಇಲ್ಲಿ ವಾಹನದ ನಿರ್ವಹಣೆಯಲ್ಲಿ ಏನೂ ಕಡಿಮೆಯಾಗಿಲ್ಲ ಎಂಬುದನ್ನು ಗಮನಿಸಬೇಕು. ತಯಾರಕರು ಹೇಳಿದ ಪ್ರತಿಯೊಂದು ಕೆಲಸವೂ ನಡೆದಿದೆ. ಉಳಿತಾಯಕ್ಕೆ ಬೇಕಾದ ಸಾಧನ ಎರಡೇ: ಕೈಪಿಡಿ ಮತ್ತು ಹಿಂದಿನ ಬಿಲ್ಲು.

ದರ ಮತ್ತು ಪರಿಮಾಣದ ಪರಿಶೀಲನೆ

ಕೆಲಸಗಳನ್ನು ನಿರ್ಧರಿಸಿದ ಮೇಲೆ ದರ ಹಾಗೂ ಪರಿಮಾಣದ ತಾಳೆ ನೋಡಬೇಕು. ಎಂಜಿನ್ ಆಯಿಲ್ ಎಷ್ಟು ಹಿಡಿಯುತ್ತದೆ ಎಂಬುದು ಕೈಪಿಡಿಯಲ್ಲಿರುತ್ತದೆ. ಕೈಪಿಡಿಯಲ್ಲಿ 3.5 ಲೀಟರ್ ಎಂದಿದ್ದು ಬಿಲ್ಲಿನಲ್ಲಿ 4 ಲೀಟರ್ ನಮೂದಾಗಿದ್ದರೆ ಉಳಿದ ಅರ್ಧ ಲೀಟರ್ ಎಲ್ಲಿ ಹೋಯಿತೆಂದು ವಿಚಾರಿಸುವ ಹಕ್ಕು ಗ್ರಾಹಕರಿಗಿದೆ. ಆಯಿಲಿನ ದರ್ಜೆಯೂ ಮುಖ್ಯ. ಕೈಪಿಡಿಯು ಸೂಚಿಸಿರುವ ದರ್ಜೆಗಿಂತ ದುಬಾರಿಯಾದ ಆಯಿಲನ್ನು ಸೂಚಿಸಿದಾಗ, ಅದರಿಂದ ಬದಲಾವಣೆಯ ಅವಧಿ ಹೆಚ್ಚುವುದೇ ಎಂದು ಕೇಳಬೇಕು. ವಾರಂಟಿಗಾಗಿ ಅವಧಿ ಅಷ್ಟೇ ಇರುವುದಾದರೆ ಹೆಚ್ಚಿನ ಹಣಕ್ಕೆ ಸಿಗುವ ಪ್ರತಿಫಲ ಕಡಿಮೆ. ಇದಕ್ಕೆ ವಿರುದ್ಧವಾಗಿ, ಸೂಚಿತ ದರ್ಜೆಗಿಂತ ಕೀಳಾದ ಆಯಿಲನ್ನು ಅಗ್ಗವೆಂದು ಹಾಕಿಸುವುದು ಸರ್ವಥಾ ಸಲ್ಲದು.

ಪೊಟ್ಟಣದಲ್ಲಿ ಬರುವ ಬಿಡಿಭಾಗಗಳ ಮೇಲೆ ಗರಿಷ್ಠ ಚಿಲ್ಲರೆ ಬೆಲೆ ಮುದ್ರಿತವಾಗಿರುತ್ತದೆ. ಅದು ಎಲ್ಲ ತೆರಿಗೆಗಳನ್ನೂ ಒಳಗೊಂಡ ಬೆಲೆ. ಬಿಲ್ಲಿನಲ್ಲಿ ಮಾತ್ರ ತೆರಿಗೆರಹಿತ ಬೆಲೆಯನ್ನು ತೋರಿಸಿ ಕೊನೆಯಲ್ಲಿ ತೆರಿಗೆ ಸೇರಿಸುತ್ತಾರೆ. ಆದುದರಿಂದ ಮುದ್ರಿತ ಬೆಲೆ ರೂ. 590 ಇರುವ ವಸ್ತುವಿಗೆ ತೆರಿಗೆರಹಿತ ಬೆಲೆ ರೂ. 500 ಮೀರಬಾರದು. ಬಿಲ್ಲಿನಲ್ಲಿ ರೂ. 590 ಎಂದು ಬರೆದು ಅದರ ಮೇಲೆ ಮತ್ತೆ ಶೇ. 18 ಹಾಕಿದ್ದರೆ ಅದು ತಪ್ಪು.

ತೆರಿಗೆ ದರದ ವಿಷಯದಲ್ಲಿಯೂ ಒಂದು ಬದಲಾವಣೆ ನೆನಪಿನಲ್ಲಿರಬೇಕು. ಮೊದಲು ಹಲವು ಬಿಡಿಭಾಗಗಳ ಮೇಲೆ ಶೇ. 28ರ ತೆರಿಗೆ ಇದ್ದಿತು. 2025ರ ಸೆಪ್ಟೆಂಬರ್ 22ರಿಂದ ಮೋಟಾರು ವಾಹನಗಳ ಬಿಡಿಭಾಗಗಳಿಗೆ ಏಕರೂಪವಾಗಿ ಶೇ. 18ರ ದರ ಜಾರಿಗೆ ಬಂದಿತು. ತೆರಿಗೆರಹಿತ ಬೆಲೆ ರೂ. 1,000 ಇರುವ ಭಾಗಕ್ಕೆ ಮೊದಲು ರೂ. 1,280 ಆಗುತ್ತಿದ್ದುದು ಈ ದರದಲ್ಲಿ ರೂ. 1,180 ಆಗಬೇಕು. ಹಳೆಯ ಬಿಲ್ಲುಗಳನ್ನು ಎದುರಿಗಿಟ್ಟು ಹೋಲಿಸುವಾಗ ಈ ಅಂಶವನ್ನು ಗಣನೆಗೆ ತೆಗೆದುಕೊಳ್ಳದಿದ್ದರೆ ತೆರಿಗೆ ಇಳಿಕೆಯ ಹಿಂದೆ ಮೂಲಬೆಲೆಯ ಏರಿಕೆ ಅಡಗಿರುವುದು ಕಣ್ಣಿಗೆ ಬೀಳದು.

ಕೂಲಿಯ ದರವು ಊರಿನಿಂದ ಊರಿಗೆ, ಡೀಲರಿನಿಂದ ಡೀಲರಿಗೆ ವ್ಯತ್ಯಾಸವಾಗುವುದುಂಟು. ಒಂದೇ ತಯಾರಕರ ಎರಡು ಅಧಿಕೃತ ಕೇಂದ್ರಗಳಿಂದ ಲಿಖಿತ ಅಂದಾಜು ಪಡೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಅಧಿಕೃತ ಕೇಂದ್ರ ಯಾವುದಾದರೂ ವಾರಂಟಿಗೆ ಭಂಗವಿಲ್ಲ. ಹಲವು ತಯಾರಕರು ತಮ್ಮ ಜಾಲತಾಣಗಳಲ್ಲಿ ಮಾದರಿವಾರು ಅಂದಾಜು ಸರ್ವಿಸ್ ವೆಚ್ಚವನ್ನು ಪ್ರಕಟಿಸುತ್ತಾರೆ. ಅದನ್ನು ಮುದ್ರಿಸಿ ಜೊತೆಗೆ ಒಯ್ದರೆ ಮಾತುಕತೆಗೆ ಆಧಾರ ಸಿಗುತ್ತದೆ. ನಾಲ್ಕಾರು ಕಾರುಗಳಿರುವ ಸಂಸ್ಥೆಗಳು ಬಿಡಿಬಿಡಿಯಾಗಿ ಹೋಗುವ ಬದಲು ವಾರ್ಷಿಕ ದರ ಒಪ್ಪಂದಕ್ಕೆ ಕೇಳಿಕೊಳ್ಳುವುದು ಲೇಸು. ರಿಯಾಯಿತಿಗೆ ಅವಕಾಶ ಹೆಚ್ಚಾಗಿರುವುದು ಕೂಲಿಯಲ್ಲಿ. ಒಂದೇ ಮಾರುಕಟ್ಟೆಯ ಸಣ್ಣ ವರ್ತಕರು ನಾಲ್ಕೈದು ಮಂದಿ ಒಟ್ಟುಗೂಡಿ ಇಂತಹ ಒಪ್ಪಂದ ಮಾಡಿಕೊಳ್ಳುವುದೂ ಸಾಧ್ಯ.

ವಾರಂಟಿಯ ಪ್ರಶ್ನೆ

'ಹೊರಗೆ ಮುಟ್ಟಿಸಿದರೆ ವಾರಂಟಿ ಹೋಗುತ್ತದೆ' ಎಂಬ ಮಾತು ಪ್ರತಿಯೊಬ್ಬ ಕಾರು ಮಾಲೀಕರ ಕಿವಿಗೂ ಬಿದ್ದಿರುತ್ತದೆ. ಇದರ ಹಿನ್ನೆಲೆಯನ್ನು ಅರಿಯುವುದು ಉಪಯುಕ್ತ. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ತಯಾರಕ ಕಂಪನಿಗಳ ವಿರುದ್ಧ ಮಹತ್ವದ ಆದೇಶವೊಂದನ್ನು ಹೊರಡಿಸಿತು. ಮೂಲ ಬಿಡಿಭಾಗಗಳು, ದೋಷ ಪತ್ತೆಯ ಉಪಕರಣಗಳು ಹಾಗೂ ತಾಂತ್ರಿಕ ಮಾಹಿತಿ ಸ್ವತಂತ್ರ ಗ್ಯಾರೇಜುಗಳಿಗೆ ದೊರೆಯದಂತೆ ನಿರ್ಬಂಧಿಸಿರುವುದು ಸ್ಪರ್ಧೆಗೆ ಮಾರಕವೆಂದು ಆಯೋಗ ತೀರ್ಮಾನಿಸಿ, ಒಟ್ಟು ರೂ. 2,544.65 ಕೋಟಿ ದಂಡ ವಿಧಿಸಿತು. ಸ್ವತಂತ್ರ ಗ್ಯಾರೇಜಿನಲ್ಲಿ ದುರಸ್ತಿ ಮಾಡಿಸಿದ ಮಾತ್ರಕ್ಕೆ ವಾರಂಟಿ ಸಂಪೂರ್ಣ ರದ್ದಾಗುತ್ತದೆಂಬ ಸಾರಾಸಗಟು ಷರತ್ತನ್ನು ವಿಧಿಸಬಾರದು, ಹೊರಗಿನ ದೋಷಪೂರ್ಣ ಕೆಲಸದಿಂದ ಉಂಟಾದ ಹಾನಿಯಷ್ಟಕ್ಕೆ ಮಾತ್ರ ವಾರಂಟಿ ನಿರಾಕರಿಸಬಹುದು ಎಂಬುದೂ ಆ ಆದೇಶದ ನಿರ್ದೇಶನಗಳಲ್ಲಿ ಸೇರಿತ್ತು. ಕಂಪನಿಗಳು ಮೇಲಿನ ಪ್ರಾಧಿಕಾರ ಹಾಗೂ ನ್ಯಾಯಾಲಯಗಳ ಮೊರೆ ಹೋದವು. 2022ರ ಡಿಸೆಂಬರ್ 24ರಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 'ದುರಸ್ತಿಯ ಹಕ್ಕು' ಕುರಿತ ಜಾಲತಾಣವನ್ನು ಆರಂಭಿಸಿತು. ಆಯ್ದ ನಾಲ್ಕು ಕ್ಷೇತ್ರಗಳಲ್ಲಿ ಮೋಟಾರು ವಾಹನವೂ ಒಂದು.

ಇಷ್ಟಾದರೂ ವ್ಯವಹಾರದಲ್ಲಿ ಅನುಸರಿಸಬೇಕಾದ ಮಾರ್ಗ ಎಚ್ಚರಿಕೆಯದು. ವಾರಂಟಿ ಪುಸ್ತಿಕೆಯ ಷರತ್ತುಗಳನ್ನು ಓದಿ, ವಾರಂಟಿ ಅವಧಿಯಲ್ಲಿ ನಿಯತ ಸರ್ವಿಸ್‌ಗಳನ್ನು ಅಧಿಕೃತ ಕೇಂದ್ರದಲ್ಲಿಯೇ ಸಕಾಲಕ್ಕೆ ಮಾಡಿಸುವುದು ಕ್ಷೇಮ. ಸರ್ವಿಸ್ ತಪ್ಪಿಸಿ ಉಳಿಸಿದ ನಾಲ್ಕೈದು ಸಾವಿರ ರೂಪಾಯಿಗಾಗಿ, ಎಂಜಿನ್ ದೋಷಕ್ಕೆ ಸಿಗಬೇಕಾದ ವಾರಂಟಿಯ ಬಗ್ಗೆ ವ್ಯಾಜ್ಯ ಮಾಡುವುದು ಲಾಭದಾಯಕವಲ್ಲ. ಆದರೆ ಟೈರು, ಬ್ಯಾಟರಿ, ವೈಪರ್, ವೀಲ್ ಅಲೈನ್‌ಮೆಂಟ್, ಕಾರು ತೊಳೆಸುವುದು ಮುಂತಾದವುಗಳನ್ನು ಹೊರಗಿನ ನಂಬಿಕಸ್ಥ ಅಂಗಡಿಗಳಲ್ಲಿ ದರ ವಿಚಾರಿಸಿ ಮಾಡಿಸಿಕೊಳ್ಳಬಹುದು. ವಾರಂಟಿ ಮುಗಿದ ಮೇಲೆ ಆಯ್ಕೆಯ ವ್ಯಾಪ್ತಿ ಇನ್ನೂ ಹಿಗ್ಗುತ್ತದೆ. ಆಗಲೂ ಬಿಲ್ಲು ಪಡೆಯುವುದನ್ನು ಮರೆಯಬಾರದು. ಕಾರು ಮಾರುವ ಕಾಲಕ್ಕೆ ಪೂರ್ಣ ಸರ್ವಿಸ್ ದಾಖಲೆ ಇರುವ ವಾಹನಕ್ಕೆ ಬೆಲೆ ಕೇಳುವಾಗ ಮಾತಿಗೆ ತೂಕವಿರುತ್ತದೆ.

ಮುಂಗಡ ನಿರ್ವಹಣಾ ಪ್ಯಾಕೇಜ್ ಲಾಭದಾಯಕವೇ?

ಮೂರು ಅಥವಾ ಐದು ವರ್ಷಗಳ ಸರ್ವಿಸ್‌ಗೆ ಒಮ್ಮೆಗೇ ಹಣ ಕಟ್ಟಿಸಿಕೊಳ್ಳುವ ಪ್ಯಾಕೇಜುಗಳನ್ನು ಡೀಲರರು ಮಾರುತ್ತಾರೆ. ಇವುಗಳ ಮೌಲ್ಯಮಾಪನದಲ್ಲಿ ಹಣದ ಕಾಲಮೌಲ್ಯವನ್ನು ಮರೆಯುವುದು ಸಾಮಾನ್ಯ ದೋಷ.

ಮೂರು ವರ್ಷದ ಪ್ಯಾಕೇಜಿನ ಬೆಲೆ ರೂ. 18,000 ಎಂದೂ, ಇಂದಿನ ದರದಲ್ಲಿ ಬಿಡಿಯಾಗಿ ಮಾಡಿಸಿದರೆ ಮೊದಲ ವರ್ಷದ ಕೊನೆಗೆ ರೂ. 5,000, ಎರಡನೆಯದಕ್ಕೆ ರೂ. 6,500, ಮೂರನೆಯದಕ್ಕೆ ರೂ. 8,000 ಆಗುವುದೆಂದೂ ಭಾವಿಸೋಣ. ಒಟ್ಟು ರೂ. 19,500. ಮೇಲುನೋಟಕ್ಕೆ ರೂ. 1,500 ಉಳಿತಾಯ. ಆದರೆ ಸಂಸ್ಥೆಯು ಓವರ್‌ಡ್ರಾಫ್ಟಿಗೆ ಶೇ. 10ರ ಬಡ್ಡಿ ತೆರುತ್ತಿದ್ದರೆ ಆ ಮೂರು ಪಾವತಿಗಳ ಇಂದಿನ ಮೌಲ್ಯ ಕ್ರಮವಾಗಿ ರೂ. 4,545, ರೂ. 5,372 ಮತ್ತು ರೂ. 6,011, ಒಟ್ಟು ರೂ. 15,928. ಅಂದರೆ ದರ ಏರಿಕೆ ಇಲ್ಲದಿದ್ದಲ್ಲಿ ಪ್ಯಾಕೇಜ್ ರೂ. 2,072ರಷ್ಟು ದುಬಾರಿ. ಸರ್ವಿಸ್ ದರಗಳು ವರ್ಷಕ್ಕೆ ಶೇ. 5ರಂತೆ ಏರಿದರೆ ಇಂದಿನ ಮೌಲ್ಯ ಸುಮಾರು ರೂ. 17,650 ಆಗಿ, ಪ್ಯಾಕೇಜ್ ಇನ್ನೂ ಸ್ವಲ್ಪ ದುಬಾರಿಯಾಗಿಯೇ ಉಳಿಯುತ್ತದೆ. ದರ ಏರಿಕೆಯೂ ಶೇ. 10 ಆದಾಗ ಮಾತ್ರ ಪೂರ್ತಿ ರೂ. 1,500ರ ಉಳಿತಾಯ ಕೈಗೆ ಬರುತ್ತದೆ.

ಬಡ್ಡಿಯ ಜೊತೆಗೆ ಇನ್ನೂ ನಾಲ್ಕು ಅಂಶಗಳನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು. ಪ್ಯಾಕೇಜಿನಲ್ಲಿ ಕೂಲಿ ಮಾತ್ರ ಸೇರಿದೆಯೇ, ಆಯಿಲ್ ಮತ್ತು ಫಿಲ್ಟರುಗಳೂ ಸೇರಿವೆಯೇ? ಬೇರೆ ಊರಿನ ಅಧಿಕೃತ ಕೇಂದ್ರದಲ್ಲಿ ಅದು ನಡೆಯುತ್ತದೆಯೇ? ಕಾರು ಮಾರಿದರೆ ಹೊಸ ಮಾಲೀಕರಿಗೆ ವರ್ಗವಾಗುತ್ತದೆಯೇ? ಅಪಘಾತದಲ್ಲಿ ಕಾರು ಸಂಪೂರ್ಣ ನಷ್ಟವಾದರೆ ಉಳಿದ ಹಣ ಹಿಂದಿರುಗುತ್ತದೆಯೇ? ಉತ್ತರಗಳು ತೃಪ್ತಿಕರವಾಗಿದ್ದು ಲೆಕ್ಕವೂ ಹೊಂದಿದರೆ ಪ್ಯಾಕೇಜ್ ಕೊಳ್ಳಬಹುದು.

ತೆರಿಗೆಯ ದೃಷ್ಟಿಯಿಂದ

ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 17(5)ನೇ ಕಲಮಿನ ಪ್ರಕಾರ, ಚಾಲಕನೂ ಸೇರಿ 13 ಮಂದಿಗಿಂತ ಹೆಚ್ಚಿಲ್ಲದ ಆಸನ ಸಾಮರ್ಥ್ಯದ, ಜನರ ಪ್ರಯಾಣಕ್ಕೆ ಬಳಸುವ ವಾಹನಗಳಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಿಲ್ಲ. ಅವುಗಳ ಸರ್ವಿಸ್, ದುರಸ್ತಿ ಮತ್ತು ನಿರ್ವಹಣೆಯ ಸೇವೆಗಳಿಗೂ 2019ರ ಫೆಬ್ರವರಿ 1ರಿಂದ ಇದೇ ನಿರ್ಬಂಧ ಸ್ಪಷ್ಟವಾಗಿ ಅನ್ವಯಿಸುತ್ತದೆ. ವಾಹನ ಮಾರಾಟ, ಪ್ರಯಾಣಿಕರ ಸಾಗಣೆ ಹಾಗೂ ಚಾಲನಾ ತರಬೇತಿಯ ವ್ಯವಹಾರದವರಿಗೆ ವಿನಾಯಿತಿ ಉಂಟು. ಉಳಿದ ವರ್ತಕರ ಪಾಲಿಗೆ ಕಾರಿನ ಸರ್ವಿಸ್ ಮೇಲಿನ ತೆರಿಗೆ ಪೂರ್ತಿ ವೆಚ್ಚವೇ. ಸರಕು ಸಾಗಿಸುವ ವಾಹನಗಳಿಗೆ ಈ ನಿರ್ಬಂಧವಿಲ್ಲ. ಆದ ಕಾರಣ ಕಾರಿನ ಬಿಲ್ಲನ್ನೂ ಸರಕು ವಾಹನದ ಬಿಲ್ಲನ್ನೂ ಒಂದೇ ಖಾತೆಯಲ್ಲಿ ಬೆರೆಸದೆ, ಸರಕು ವಾಹನದ ಬಿಲ್ಲಿನಲ್ಲಿ ಸಂಸ್ಥೆಯ ಜಿ.ಎಸ್.ಟಿ. ನೋಂದಣಿ ಸಂಖ್ಯೆಯನ್ನು ತಪ್ಪದೆ ನಮೂದಿಸಿಸಬೇಕು.

ಆದಾಯ ತೆರಿಗೆಯಲ್ಲಿ, ವ್ಯವಹಾರಕ್ಕೆ ಬಳಸಿದ ಕಾರಿನ ನಿರ್ವಹಣಾ ವೆಚ್ಚವು ವ್ಯವಹಾರದ ಬಳಕೆಯ ಪ್ರಮಾಣಕ್ಕೆ ಮಾತ್ರ ಮಾನ್ಯವಾಗುತ್ತದೆ. ಮನೆಯ ಬಳಕೆಯ ಪಾಲನ್ನು ಬೇರ್ಪಡಿಸಬೇಕು. ಒಂದೇ ದಿನ ಒಬ್ಬರಿಗೆ ರೂ. 10,000 ಮೀರಿ ನಗದಾಗಿ ಪಾವತಿಸಿದ ವೆಚ್ಚ ಅಮಾನ್ಯವಾಗುವುದರಿಂದ ಪಾವತಿಯನ್ನು ಬ್ಯಾಂಕಿನ ಮೂಲಕವೇ ಮಾಡುವುದು ಉಚಿತ. ಒಬ್ಬ ಡೀಲರರಿಗೆ ಗುತ್ತಿಗೆಯ ರೂಪದ ಪಾವತಿ ಒಂದೇ ಬಾರಿಗೆ ರೂ. 30,000 ಅಥವಾ ವರ್ಷದಲ್ಲಿ ರೂ. 1,00,000 ಮೀರುವಂತಿದ್ದರೆ ಮೂಲದಲ್ಲಿ ತೆರಿಗೆ ಕಡಿತದ ಹೊಣೆ ಇದೆಯೇ ಎಂಬುದನ್ನೂ ಪರಿಶೀಲಿಸಿಕೊಳ್ಳಬೇಕು.

'ಹೇಗೂ ಖರ್ಚು ತೋರಿಸಿದರೆ ತೆರಿಗೆ ಉಳಿಯುತ್ತದೆ' ಎಂಬ ಸಮಾಧಾನ ಕೆಲವರಲ್ಲಿದೆ. ಶೇ. 30ರ ತೆರಿಗೆ ತೆರುವವರು ಅನಗತ್ಯವಾಗಿ ನೂರು ರೂಪಾಯಿ ಖರ್ಚು ಮಾಡಿದರೆ ಉಳಿಯುವ ತೆರಿಗೆ ಮೂವತ್ತು, ಕೈಬಿಡುವ ಹಣ ಎಪ್ಪತ್ತು. ಅನಗತ್ಯ ವೆಚ್ಚಕ್ಕೆ ತೆರಿಗೆಯು ಸಮರ್ಥನೆಯಾಗಲಾರದು.

ಕೇಂದ್ರದಲ್ಲಿ ಅನುಸರಿಸಬೇಕಾದ ಕ್ರಮ

1. ಜಾಬ್ ಕಾರ್ಡಿಗೆ ಸಹಿ ಹಾಕುವ ಅಧಿಕಾರವನ್ನು ಸಂಸ್ಥೆಯ ಒಬ್ಬ ಜವಾಬ್ದಾರಿಯುತ ವ್ಯಕ್ತಿಗೆ ವಹಿಸಬೇಕು. ಚಾಲಕನು ಕಾರು ಒಯ್ದರೂ ಅಂದಾಜಿಗೆ ದೂರವಾಣಿಯ ಮೂಲಕವಾದರೂ ಅನುಮತಿ ಪಡೆಯುವ ನಿಯಮವಿರಲಿ.

2. 'ಅಂದಾಜಿಗೆ ಮೀರಿದ ಯಾವ ಕೆಲಸವನ್ನೂ ಅನುಮತಿಯಿಲ್ಲದೆ ಮಾಡಬಾರದು' ಎಂದು ಜಾಬ್ ಕಾರ್ಡಿನಲ್ಲಿಯೇ ಬರೆಯಿಸಬೇಕು.

3. ಕಾರಿನ ದೂರುಗಳನ್ನು ನಿರ್ದಿಷ್ಟವಾಗಿ ಬರೆಯಿಸಬೇಕು. 'ಬ್ರೇಕ್ ನೋಡಿ' ಎನ್ನುವುದಕ್ಕಿಂತ 'ನಿಧಾನವಾಗಿ ಬ್ರೇಕ್ ಹಿಡಿದಾಗ ಮುಂದಿನ ಎಡಗಾಲಿಯಿಂದ ಸದ್ದು ಬರುತ್ತದೆ' ಎಂದರೆ ಕೆಲಸವೂ ನೇರ, ಖರ್ಚೂ ಮಿತ.

4. ಬದಲಿಸಿದ ಹಳೆಯ ಭಾಗಗಳನ್ನು ತೋರಿಸುವಂತೆ ಮೊದಲೇ ತಿಳಿಸಬೇಕು.

5. ವಾರಂಟಿಯಲ್ಲಿ ಸಲ್ಲಬೇಕಾದ ಭಾಗ ಬಿಲ್ಲಿನಲ್ಲಿ ಸೇರಿದೆಯೇ ಎಂದು ನೋಡಬೇಕು. ವಾರಂಟಿ ಮುಗಿಯುವ ಒಂದು ತಿಂಗಳ ಮೊದಲು ಕಾರನ್ನು ಸಂಪೂರ್ಣ ತಪಾಸಣೆಗೆ ಒಳಪಡಿಸಿ ದೋಷಗಳನ್ನು ಲಿಖಿತವಾಗಿ ದಾಖಲಿಸುವುದು ಒಳ್ಳೆಯದು.

6. ವ್ಯಾಜ್ಯ ಬಂದಲ್ಲಿ ಮೊದಲು ಡೀಲರರ ವ್ಯವಸ್ಥಾಪಕರಿಗೆ, ಅನಂತರ ತಯಾರಕ ಕಂಪನಿಗೆ ಲಿಖಿತ ದೂರು ಕೊಡಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಜಿಲ್ಲಾ ಆಯೋಗಕ್ಕೂ ಹೋಗಬಹುದು. ಆದರೆ ವಾಣಿಜ್ಯ ಉದ್ದೇಶದ ಖರೀದಿಗೆ ಈ ಕಾಯಿದೆಯ ರಕ್ಷಣೆ ಸಾಮಾನ್ಯವಾಗಿ ದೊರೆಯದ ಕಾರಣ, ಸಂಸ್ಥೆಯ ಹೆಸರಿನಲ್ಲಿ ಕಾರಿದ್ದರೆ ಮೊದಲು ವಕೀಲರ ಸಲಹೆ ಪಡೆಯಬೇಕು.

ಎಲ್ಲಿ ಉಳಿಸಬಾರದು

ಬ್ರೇಕು, ಟೈರು, ಸ್ಟಿಯರಿಂಗ್, ಟೈಮಿಂಗ್ ಬೆಲ್ಟ್ ಹಾಗೂ ಕೂಲಿಂಗ್ ವ್ಯವಸ್ಥೆ, ಈ ಐದರಲ್ಲಿ ಜಿಪುಣತನ ಸಲ್ಲದು. ಟೈರಿನ ಗೀರುಗಳ ನಡುವೆ ಇರುವ 1.6 ಮಿ.ಮೀ. ಎತ್ತರದ ಸವೆತಸೂಚಕ ಉಬ್ಬುಗಳ ಮಟ್ಟಕ್ಕೆ ಟೈರು ಸವೆದಿದ್ದರೆ ಮಲೆನಾಡಿನ ಮಳೆಯ ರಸ್ತೆಯಲ್ಲಿ ಆ ಕಾರನ್ನು ಓಡಿಸುವುದು ಅಪಾಯ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್‌ನಲ್ಲಿ ಅದನ್ನು ಅವಧಿಗೆ ಬದಲಿಸದೆ ಓಡುವಾಗ ತುಂಡಾದರೆ, ಹಲವು ಎಂಜಿನ್‌ಗಳಲ್ಲಿ ವಾಲ್ವುಗಳೇ ಬಾಗಿ, ಬೆಲ್ಟಿನ ಬೆಲೆಯ ಎಷ್ಟೋ ಪಟ್ಟು ದುರಸ್ತಿ ಬರುತ್ತದೆ. ಬ್ರೇಕ್ ಪ್ಯಾಡನ್ನು ಮುಂದೂಡಿದರೆ ಅದು ಡಿಸ್ಕನ್ನು ತಿನ್ನುತ್ತದೆ. ಅಗ್ಗವೆಂದು ನಕಲಿ ಬಿಡಿಭಾಗ ಹಾಕಿಸುವುದೂ ಇದೇ ಸಾಲಿಗೆ ಸೇರಿದ ತಪ್ಪು. ಆ ಕಾರಿನಲ್ಲಿ ಕುಳಿತು ಹೋಗುವವರು ಸಂಸ್ಥೆಯ ನೌಕರರು ಹಾಗೂ ಮಾಲೀಕರ ಕುಟುಂಬದವರೇ ಎಂಬುದನ್ನು ಲೆಕ್ಕದ ಪುಸ್ತಕ ತೋರಿಸದಿದ್ದರೂ ಮರೆಯಬಾರದು.

ವಾಹನವಾರು ಖಾತೆ

ಇಷ್ಟೆಲ್ಲ ಎಚ್ಚರಿಕೆಗೂ ಆಧಾರವಾಗಬೇಕಾದುದು ವಾಹನವಾರು ದಾಖಲೆ. ಪ್ರತಿ ಕಾರಿಗೂ ಒಂದು ಪುಟ ತೆರೆದು ದಿನಾಂಕ, ಓಡಿದ ಕಿಲೋಮೀಟರು, ಬದಲಿಸಿದ ಭಾಗಗಳು, ಕೂಲಿ, ತೆರಿಗೆ, ಮುಂದಿನ ಸರ್ವಿಸ್‌ನ ದಿನಾಂಕ ಇಷ್ಟನ್ನು ಬರೆದಿಟ್ಟರೆ ಸಾಕು. ವರ್ಷದ ಕೊನೆಯಲ್ಲಿ ಒಟ್ಟು ವೆಚ್ಚವನ್ನು ಓಡಿದ ಕಿಲೋಮೀಟರುಗಳಿಂದ ಭಾಗಿಸಿದಾಗ ಕಿಲೋಮೀಟರಿಗೆ ತಗಲಿದ ನಿರ್ವಹಣಾ ವೆಚ್ಚ ಸಿಗುತ್ತದೆ. 12,000 ಕಿ.ಮೀ. ಓಡಿದ ಕಾರಿಗೆ ರೂ. 9,000 ಖರ್ಚಾಗಿದ್ದರೆ ಅದು 75 ಪೈಸೆ. ಈ ಅಂಕಿ ವರ್ಷದಿಂದ ವರ್ಷಕ್ಕೆ ಹೇಗೆ ಏರುತ್ತದೆ, ಒಂದು ಕಾರಿಗೂ ಇನ್ನೊಂದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ನೋಡಿದರೆ ಯಾವ ಕಾರನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಮಾರಬೇಕು ಎಂಬ ನಿರ್ಧಾರಕ್ಕೂ ಆಧಾರ ದೊರೆಯುತ್ತದೆ.

ಹನಿಗೂಡಿದರೆ ಹಳ್ಳ ಎಂಬ ಗಾದೆ ವರ್ತಕರಿಗೆ ಹೊಸದೇನೂ ಅಲ್ಲ. ಸರಕಿನ ಬಿಲ್ಲನ್ನು ಪರಿಶೀಲಿಸುವ ಕಣ್ಣಿನಿಂದಲೇ ಸರ್ವಿಸ್ ಬಿಲ್ಲನ್ನೂ ಪರಿಶೀಲಿಸುವುದು, ಮಾಡಲೇಬೇಕಾದ ಕೆಲಸವನ್ನು ಸಕಾಲಕ್ಕೆ ಮಾಡಿಸುವುದು, ಬೇಡವಾದುದನ್ನು ವಿನಯದಿಂದ ನಿರಾಕರಿಸುವುದು, ಇವು ರೂಢಿಯಾದರೆ ಕಾರೂ ಸುಸ್ಥಿತಿಯಲ್ಲಿರುತ್ತದೆ, ಖರ್ಚೂ ಹಿಡಿತದಲ್ಲಿರುತ್ತದೆ. ಮುಂದಿನ ಸರ್ವಿಸ್‌ಗೆ ಕಾರು ಹೊರಡುವ ಮುನ್ನ ಕೈಪಿಡಿಯನ್ನೂ ಹಿಂದಿನ ಬಿಲ್ಲನ್ನೂ ಮೇಜಿನ ಮೇಲಿಟ್ಟು ಹತ್ತು ನಿಮಿಷ ಓದುವುದರಿಂದ ಇದನ್ನು ಆರಂಭಿಸಬಹುದು.